ಆಂಪ್ಲಿಫೈಯರ್‌ಗೂ ಒಂದು ಸ್ಟಾರ್ಟರ್ ಬೇಕು

ಸಂಪಾದಕರಿಗೆ ನಮಸ್ಕಾರ.

ಮಲಗುವ ಮುಂಚೆ ಟಿವಿ, ಕಂಪ್ಯೂಟರ್ ಎಲ್ಲದರ ಸ್ವಿಚ್ಚನ್ನೂ ಗೋಡೆಯಲ್ಲೇ ಆಫ್ ಮಾಡಿ, ಕರೆಂಟ್ ಉಳಿಯುತ್ತದೆ ಅಂತ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಸರಿಯೇ. ಆದರೆ ಟಿವಿಗೆ ಒಂದು ಕಂಪ್ಯೂಟರ್, ಕಂಪ್ಯೂಟರಿಗೆ ಒಂದು ಆಂಪ್ಲಿಫೈಯರ್, ಅದರ ಮಗ್ಗುಲಿಗೆ ತಗ್ಗು ದನಿಗಳಿಗೇ ಅಂತ ಒಂದು ದೊಡ್ಡ ಸ್ಪೀಕರ್, ಅಂದರೆ ಸಬ್‌ವೂಫರ್ ಅಂತ ಕಟ್ಟಿಕೊಂಡು ಕೂತ ನಮ್ಮಂಥವರಿಗೆ ಈ ಸಲಹೆ ಅರ್ಧ ಮಾತ್ರ. ಯಾವುದನ್ನು ಮೊದಲು ಆಫ್ ಮಾಡಬೇಕು, ಯಾವುದನ್ನು ಕೊನೆಗೆ, ಕರೆಂಟ್ ಹೋಗಿ ಬಂದಾಗ ಯಾವುದು ತಾನಾಗಿ ಶುರುವಾಗಬಾರದು, ಇದನ್ನು ಮಾರುವವರೂ ಹೇಳುವುದಿಲ್ಲ, ವೈರಿಂಗ್ ಮಾಡುವವರೂ ಹೇಳುವುದಿಲ್ಲ. ನಾನು 2,800 ರೂಪಾಯಿ ಕೊಟ್ಟು ಕಲಿತೆ. ಬೇರೆಯವರಿಗೆ ಅಷ್ಟು ಖರ್ಚು ಬೇಡ ಅಂತ ಬರೆಯುತ್ತಿದ್ದೇನೆ.

ನಮ್ಮದು ಶಿರಸಿಯಿಂದ ಒಳಗೆ ಹೋಗುವ ಒಂದು ಹಳ್ಳಿ. ಅಡಿಕೆ ತೋಟ. ಅಪ್ಪ ಮಾಡಿಟ್ಟ ಯಕ್ಷಗಾನದ ಕ್ಯಾಸೆಟ್‌ಗಳು ಒಂದು ಟ್ರಂಕ್ ತುಂಬ ಇದ್ದವು, ಬೂಸ್ಟು ಹಿಡಿಯುವ ಮುಂಚೆ ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಂಡೆ. ಆ ಕಂಪ್ಯೂಟರೇ ಈಗ ಟಿವಿ ಕೆಳಗೆ ಕೂತಿದೆ. ಸಂಜೆ ಕೈಕಾಲು ತೊಳೆದು ಬಂದು ಭಾಗವತರ ಪದ, ಚಂಡೆ, ಮದ್ದಲೆ ಕೇಳಿದರೆ ದಿನ ಮುಗಿದ ಹಾಗೆ. ಚಂಡೆಯನ್ನು ಮೊಬೈಲಿನಲ್ಲಿ ಕೇಳುವವರ ಬಗ್ಗೆ ನನಗೆ ಹೇಳಲು ಏನೂ ಇಲ್ಲ. ಡಬ್ಬಿ ಬಡಿದ ಹಾಗೆ ಕೇಳುತ್ತದೆ, ಅಷ್ಟೇ.

ಹೋದ ಮೇ ತಿಂಗಳ ಒಂದು ರಾತ್ರಿ. ಸಂಜೆಯಿಂದ ಗುಡುಗು, ಒಂಬತ್ತಕ್ಕೆ ಕರೆಂಟ್ ಹೋಯಿತು. ಎಲ್ಲರೂ ಹಾಗೇ ಮಲಗಿದೆವು. ಎರಡೂ ನಲವತ್ತಕ್ಕೆ ಜಗುಲಿಯಲ್ಲಿ ಭಜನೆ ಶುರುವಾಯಿತು! ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಬೆಳಿಗ್ಗೆ ಕೇಳಲಿಕ್ಕೆ ಅಂತ, ಕಂಪ್ಯೂಟರ್ ಆನ್ ಆದ ಕೂಡಲೇ ಭಜನೆ ಹಾಡುವ ಹಾಗೆ ನಾನೇ ಇಟ್ಟಿದ್ದೆ. ಕರೆಂಟ್ ಬಂತು, ಕಂಪ್ಯೂಟರ್ ಎದ್ದಿತು, ಆಂಪ್ಲಿಫೈಯರ್ ಸ್ವಿಚ್ ಹೇಗೂ ಒತ್ತಿಯೇ ಇತ್ತು. ನಾನು ಎದ್ದು ಬರುವಷ್ಟರಲ್ಲಿ ಕರೆಂಟ್ ಮತ್ತೆ ಹೋಯಿತು, ಬಂತು, ಇನ್ನೊಂದು ಸಲ ಹೋಗಿ ಬಂತು. ಪ್ರತಿ ಸಲವೂ ಸಬ್‌ವೂಫರ್‌ನಿಂದ 'ಧುಪ್' ಅಂತ, ಅಟ್ಟದ ಮೇಲಿಂದ ಅಕ್ಕಿ ಮೂಟೆ ಬಿದ್ದ ಹಾಗೆ. ಕೊನೆಯ ಧುಪ್ ಆದ ಮೇಲೆ ಒಂಥರಾ ಸುಟ್ಟ ವಾಸನೆ. ಅಷ್ಟರಲ್ಲಿ ಆಯಿ ಬಚ್ಚಲ ಒಲೆಗೆ ಬೆಂಕಿ ಹಾಕಿ ಆಗಿತ್ತು. 'ಬೆಳಗಾತು, ಏಳು ತಮಾ' ಅಂತ ನನ್ನನ್ನೇ ಕರೆಯುತ್ತಿದ್ದಳು.

ರಿಪೇರಿಯವನು ಬಿಚ್ಚಿ ತೋರಿಸಿದ. ಸಬ್‌ವೂಫರ್ ಒಳಗಿನ ಐಸಿ, ಅಂದರೆ ಧ್ವನಿ ದೊಡ್ಡದು ಮಾಡುವ ಚಿಪ್ ಹೋಗಿತ್ತು, ಅದು ಹೋದ ಕಾರಣಕ್ಕೆ ಸ್ಪೀಕರಿನ ಕಾಯಿಲ್‌ಗೆ ಸೀದಾ ಡಿಸಿ ಕರೆಂಟ್ ನುಗ್ಗಿ ಅದೂ ಕರಕಲಾಗಿತ್ತು. ತಗೊಂಡ ಅಂಗಡಿಯಲ್ಲಿ ಕೇಳಿದರೆ ಇದೆಲ್ಲ ರಿಪೇರಿ ಮಾಡಿಸೋದು ದಂಡ, ಹೊಸತು ತಗೊಳ್ಳಿ ಅಂದರು. ಸುಮ್ನೆ ಹೊಸತು ತಂದರೆ ಮುಂದಿನ ಮೇ ತಿಂಗಳಲ್ಲಿ ಅದೂ ಇದೇ ದಾರಿ ಹಿಡಿಯುತ್ತದೆ, ಅಲ್ವಾ? ಹಾಗಾಗಿ ಈ ಧುಪ್ ಎಲ್ಲಿಂದ ಬರುತ್ತದೆ ಅಂತ ಹುಡುಕಲು ಕೂತೆ.

ವಿಷಯ ಬಹಳ ಸರಳ. ಕಂಪ್ಯೂಟರೋ ಸಿಡಿ ಪ್ಲೇಯರೋ ಆನ್ ಆದಾಗ, ಅದರೊಳಗೆ ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ಗಳು ತುಂಬಿ ಒಂದು ಸ್ಥಿತಿಗೆ ಬರುವ ತನಕ ಅದು ಹಾಡನ್ನಲ್ಲ, ಒಂದು ಗುದ್ದನ್ನು ವೈರಿನಲ್ಲಿ ಕಳಿಸುತ್ತದೆ. ಆಫ್ ಆಗುವಾಗಲೂ ಹಾಗೇ. ಸಣ್ಣ ಗುದ್ದು. ಆದರೆ ಆ ಹೊತ್ತಿಗೆ ಆಂಪ್ಲಿಫೈಯರ್ ಎದ್ದು ಕೂತಿದ್ದರೆ ಅದು ತನ್ನ ಕೆಲಸ ತಾನು ಮಾಡುತ್ತದೆ, ಬಂದದ್ದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ. ಅದಕ್ಕೇ ಆನ್ ಮಾಡುವಾಗ ಆಂಪ್ಲಿಫೈಯರ್ ಎಲ್ಲಕ್ಕಿಂತ ಕೊನೆಗೆ, ಆಫ್ ಮಾಡುವಾಗ ಎಲ್ಲಕ್ಕಿಂತ ಮೊದಲು. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಎಲ್ಲವನ್ನೂ ಚುಚ್ಚಿ ಗೋಡೆಯ ಒಂದೇ ಸ್ವಿಚ್ ಒತ್ತಿದರೆ ಈ ಕ್ರಮ ಇರುವುದಿಲ್ಲ. ಒಳ್ಳೆಯ ಆಂಪ್ಲಿಫೈಯರ್‌ಗಳಲ್ಲಿ ಸ್ಪೀಕರ್ ದಾರಿಗೆ ಒಂದು ರಿಲೇ, ಅಂದರೆ ಕರೆಂಟಿನಿಂದಲೇ ನಡೆಯುವ ಸ್ವಿಚ್ ಇರುತ್ತದೆ, ಆನ್ ಮಾಡಿ ಮೂರು ನಾಲ್ಕು ಸೆಕೆಂಡ್ ಆದ ಮೇಲೆ 'ಟಕ್' ಅಂತ ಕೇಳುತ್ತದಲ್ಲ, ಅದೇ. ಅಗ್ಗದ ಪೆಟ್ಟಿಗೆಗಳಲ್ಲಿ ಅದನ್ನೇ ಮೊದಲು ಬಿಟ್ಟಿರುತ್ತಾರೆ.

ಕೈಯಲ್ಲಿ ಸ್ವಿಚ್ ಹಾಕುವವರಿಗೆ ಇಷ್ಟು ಸಾಕು. ನಮ್ಮ ಕಡೆಯ ತೊಂದರೆ ಎಂದರೆ ಸ್ವಿಚ್ ಹಾಕುವವರು ನಾವಷ್ಟೇ ಅಲ್ಲ, ಮಳೆಯೂ ಹಾಕುತ್ತದೆ. ಇದೇ ಜಿಲ್ಲೆಯ ಕೈಗಾ ಅಣು ವಿದ್ಯುತ್ ಸ್ಥಾವರದ ಒಂದನೇ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ಓಡಿ ಆಗ ವಿಶ್ವದಾಖಲೆ ಮಾಡಿತು. ನಮ್ಮನೆಯ ಆಂಪ್ಲಿಫೈಯರ್ ಮಳೆಗಾಲದಲ್ಲಿ 962 ನಿಮಿಷ ನಿಲ್ಲದೆ ಓಡಿದರೆ ದೊಡ್ಡದು. ಯಾರನ್ನೂ ದೂರುತ್ತಿಲ್ಲ. ಕಾಡಿನ ನಡುವೆ ತಂತಿ ಎಳೆದಿದ್ದಾರೆ, ಗಾಳಿ ಬಂದರೆ ಮರ ಬೀಳುತ್ತದೆ, ಲೈನ್‌ಮನ್ ಮಳೆಯಲ್ಲಿ ನೆನೆದುಕೊಂಡು ಬಂದು ಜೋಡಿಸಿ ಹೋಗುತ್ತಾನೆ.

ಉತ್ತರ ತೋಟದಲ್ಲೇ ಇತ್ತು. ಪಂಪ್‌ಸೆಟ್ಟಿನ ಸ್ಟಾರ್ಟರ್ ನೋಡಿ. ಹಸಿರು ಗುಂಡಿ ಒತ್ತಿದರೆ ಒಳಗಿನ ಕಾಯಿಲ್ ಎಳೆದು ಹಿಡಿದುಕೊಳ್ಳುತ್ತದೆ, ಪಂಪ್ ಓಡುತ್ತದೆ. ಕರೆಂಟ್ ಹೋದರೆ ಕಾಯಿಲ್ ಕೈ ಬಿಡುತ್ತದೆ. ಮತ್ತೆ ಕರೆಂಟ್ ಬಂದರೂ ಪಂಪ್ ಎದ್ದೇಳುವುದಿಲ್ಲ, ಯಾರಾದರೂ ಹೋಗಿ ಗುಂಡಿ ಒತ್ತಬೇಕು. ಆಟೋ ಸ್ಟಾರ್ಟರ್ ಹಾಕಿಕೊಂಡರೆ ಕರೆಂಟ್ ಬಂದ ಕ್ಷಣ ಎಲ್ಲರ ಪಂಪೂ ಒಟ್ಟಿಗೆ ಎದ್ದು ಟ್ರಾನ್ಸ್‌ಫಾರ್ಮರ್ ಮೇಲೆ ಬೀಳುತ್ತವೆ, ಅದರ ಕಥೆ ಎಲ್ಲ ಊರಲ್ಲೂ ಗೊತ್ತು. ನಾನು ಮನೆಯೊಳಗೆ ಮಾಡಿಕೊಂಡಿದ್ದು ಇದೇ ಆಟೋ ಸ್ಟಾರ್ಟರ್. ತೋಟದಲ್ಲಿ ಬೇಡ ಅಂದವನು ಜಗುಲಿಯಲ್ಲಿ ಹಾಕಿದ್ದೆ!

ಮೊದಲು ಖರ್ಚಿಲ್ಲದ ಕೆಲಸ. ಕಂಪ್ಯೂಟರ್ ಶುರುವಾಗುವಾಗ ಡಿಲೀಟ್ ಅಥವಾ ಎಫ್2 ಒತ್ತಿದರೆ ಸಾಮಾನ್ಯವಾಗಿ ಬಯೋಸ್, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಪುಟ ತೆರೆಯುತ್ತದೆ. ಅಲ್ಲಿ ಪವರ್ ವಿಭಾಗದಲ್ಲಿ 'ರಿಸ್ಟೋರ್ ಆನ್ ಎಸಿ ಪವರ್ ಲಾಸ್' ಅಂತಲೋ ಅದೇ ಅರ್ಥದ ಇನ್ನೊಂದು ಹೆಸರಲ್ಲೋ ಒಂದು ಸಾಲು ಇರುತ್ತದೆ. ಕರೆಂಟ್ ಬಂದಾಗ ಏಳಬೇಕೋ, ಮಲಗೇ ಇರಬೇಕೋ, ಮೊದಲು ಹೇಗಿತ್ತೋ ಹಾಗೆ ಆಗಬೇಕೋ ಎಂಬ ಪ್ರಶ್ನೆ ಅದು. ನನ್ನದರಲ್ಲಿ ಏಳಬೇಕು ಅಂತ ಇತ್ತು. 'ಪವರ್ ಆಫ್' ಮಾಡಿದೆ. ಅಲ್ಲಿಗೆ ಕಂಪ್ಯೂಟರ್ ಸ್ಟಾರ್ಟರ್ ಹಾಕಿದ ಪಂಪಿನ ಹಾಗಾಯಿತು.

ಉಳಿದದ್ದು ಆಂಪ್ಲಿಫೈಯರ್. ನನ್ನದು ಹಳೇ ಕಾಲದ್ದು, ಒತ್ತಿದರೆ ಒಳಗೆ ಹೋಗಿ ಕೂರುವ ಸ್ವಿಚ್. ರಿಮೋಟಿನ ಹೊಸ ಮಾದರಿಗಳಲ್ಲಿ ಎಷ್ಟೋ ಕರೆಂಟ್ ಬಂದ ಮೇಲೆ ಸ್ಟ್ಯಾಂಡ್‌ಬೈನಲ್ಲೇ ನಿಲ್ಲುತ್ತವೆ, ಇದಕ್ಕೆ ಆ ತಿಳಿವಳಿಕೆ ಇಲ್ಲ. ಹಾಗಾದರೆ ಕಂಪ್ಯೂಟರ್ ಎದ್ದಾಗ ಮಾತ್ರ ಆಂಪ್ಲಿಫೈಯರಿಗೆ ಕರೆಂಟ್ ಸಿಗಬೇಕು. ಯುಎಸ್‌ಬಿಯ 5 ವೋಲ್ಟಿನಿಂದ ಒಂದು ರಿಲೇ ನಡೆಸಿದರೆ ಆಯಿತಲ್ಲ ಅಂದುಕೊಂಡೆ. ಮಾಡಿದೆ. ಕಂಪ್ಯೂಟರ್ ಆಫ್ ಮಾಡಿದರೂ ಆಂಪ್ಲಿಫೈಯರ್ ಆಫ್ ಆಗಲಿಲ್ಲ. ತಲೆ ಕೆರೆದುಕೊಂಡು ದೀಪ ಆರಿಸಿದಾಗ ಗೊತ್ತಾಯಿತು: ಮೇಜಿನ ಮೇಲೆ ಮೌಸಿನ ಹೊಟ್ಟೆ ಇನ್ನೂ ಕೆಂಪಗೆ ಉರಿಯುತ್ತಿತ್ತು. ಕಂಪ್ಯೂಟರ್ ಆಫ್ ಅಂದರೆ ಪೂರ್ತಿ ಆಫ್ ಅಲ್ಲ, ಒಂದು ಎಳೆ 5 ವೋಲ್ಟ್ ಯಾವಾಗಲೂ ಇರುತ್ತದೆ, ಎಷ್ಟೋ ಮದರ್‌ಬೋರ್ಡುಗಳು ಅದನ್ನೇ ಯುಎಸ್‌ಬಿಗೂ ಕೊಡುತ್ತವೆ. ಬಯೋಸಿನಲ್ಲಿ 'ಇಆರ್‌ಪಿ' ಅಂತ ಒಂದು ಆಯ್ಕೆ ಇದ್ದರೆ ಅದನ್ನು ಹಾಕಿದರೆ ಇದು ನಿಲ್ಲುತ್ತದೆ. ನನ್ನದರಲ್ಲಿ ಆ ಆಯ್ಕೆಯೇ ಇರಲಿಲ್ಲ.

ಆಮೇಲೆ ಪವರ್ ಸಪ್ಲೈನ ಹಳದಿ ವೈರ್ ಹಿಡಿದೆ. ಹಳದಿ 12 ವೋಲ್ಟ್, ಕೆಂಪು 5, ಕಪ್ಪು ಗ್ರೌಂಡ್. ಹಳದಿ ಮತ್ತು ಕೆಂಪು ಕಂಪ್ಯೂಟರ್ ನಿಜವಾಗಿ ಓಡುವಾಗ ಮಾತ್ರ ಜೀವ ಹಿಡಿಯುತ್ತವೆ, ಸ್ಲೀಪಿಗೆ ಹೋದರೂ ಸಾಮಾನ್ಯವಾಗಿ ಸಾಯುತ್ತವೆ. ನೇರಳೆ ವೈರ್ ಯಾವಾಗಲೂ ಎಚ್ಚರ ಇರುವಂಥದ್ದು, ಅದನ್ನು ಮುಟ್ಟಬೇಡಿ. ಹಳದಿಯಿಂದ 10 ಆಂಪಿಯರಿನ ಒಂದು ಚಿಕ್ಕ ರಿಲೇ ಹಾಕಿ ಎರಡು ವಾರ ಚೆನ್ನಾಗಿತ್ತು. ಮೂರನೇ ವಾರ ರಿಲೇ ಅಂಟಿಕೊಂಡಿತು. ಹಳೇ ಆಂಪ್ಲಿಫೈಯರಿನ ದೊಡ್ಡ ಟ್ರಾನ್ಸ್‌ಫಾರ್ಮರ್ ಆನ್ ಆಗುವ ಕ್ಷಣದಲ್ಲಿ ತನ್ನ ಪಾಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತದೆ, ಆ ಕಿಡಿಗೆ ಸಣ್ಣ ಕಾಂಟ್ಯಾಕ್ಟ್ ಬೆಸೆದುಹೋಗುತ್ತದೆ. ಈಗ 30 ಆಂಪಿಯರಿನದು ಹಾಕಿದ್ದೇನೆ, ಅದರ ಮುಂದೆ 10 ಸೆಕೆಂಡ್ ತಡ ಮಾಡುವ ಒಂದು ಟೈಮರ್. ಕಂಪ್ಯೂಟರ್ ತನ್ನ ಗುದ್ದು ಕೊಟ್ಟು ಮುಗಿಸಿದ ಮೇಲೆ ಆಂಪ್ಲಿಫೈಯರ್ ಏಳುತ್ತದೆ. ಎಲ್ಲವೂ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿದೆ. 230 ವೋಲ್ಟಿನ ಭಾಗವನ್ನು ನಾನು ಮುಟ್ಟಲಿಲ್ಲ, ಊರಿನ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿದೆ. ನೀವೂ ಹಾಗೇ ಮಾಡಿ. ಆಯಿ ಡಬ್ಬಿ ನೋಡಿ 'ಟಿವಿಗೂ ಸ್ಟಾರ್ಟರ್ ಹಾಕಿದ್ಯನೋ?' ಅಂತ ನಕ್ಕಳು.

ಇಷ್ಟೆಲ್ಲ ಯಾಕೆ, ವೈಫೈ ಪ್ಲಗ್ ಸಿಗುತ್ತದಲ್ಲ ಅಂತ ಅಣ್ಣನ ಮಗ ಕೇಳಿದ. ಸಿಗುತ್ತದೆ. ಕರೆಂಟ್ ಬಂದಾಗ ಆಫ್ ಆಗೇ ಇರು ಅಂತ ಹೇಳಿಡಲು ಅದರಲ್ಲಿ ಅವಕಾಶ ಇದ್ದರೆ ತಗೊಳ್ಳಿ, ಇಲ್ಲದಿದ್ದರೆ ಅದೂ ಆಟೋ ಸ್ಟಾರ್ಟರೇ. ಮಾಸ್ಟರ್-ಸ್ಲೇವ್ ಅನ್ನುವ ಬೋರ್ಡುಗಳೂ ಇವೆ, ಕಂಪ್ಯೂಟರ್ ಕರೆಂಟ್ ಎಳೆಯುವುದನ್ನು ನೋಡಿ ಉಳಿದ ಪ್ಲಗ್‌ಗಳಿಗೆ ಕರೆಂಟ್ ಬಿಡುತ್ತವೆ. ಒಳ್ಳೆಯ ಉಪಾಯ. ನಾನು ಕೇಳಿದ ಅಂಗಡಿಗಳಲ್ಲಿ ಸಿಗಲಿಲ್ಲ.

ಒಂದು ಮಾತು ಬಿಟ್ಟುಹೋಗಬಾರದು. ಕಂಪ್ಯೂಟರಿನಿಂದ ಚಿತ್ರ, ಧ್ವನಿ ಎರಡನ್ನೂ ಒಯ್ಯುವ ಎಚ್‌ಡಿಎಂಐ ಕೇಬಲ್ ಮೂಲಕ ಎವಿ ರಿಸೀವರಿಗೆ, ಅಂದರೆ ಟಿವಿ ಜೊತೆಗಿನ ಹೊಸ ಬಗೆಯ ಆಂಪ್ಲಿಫೈಯರಿಗೆ ಕೊಟ್ಟವರಿಗೆ ನಾನು ಹೇಳಿದ ಕ್ರಮ ಎಷ್ಟೋ ಸಲ ಉಲ್ಟಾ. ಕಂಪ್ಯೂಟರ್ ಏಳುವಾಗ ಆ ಕಡೆ ಯಾರಿದ್ದಾರೆ ಅಂತ ಕೇಳುತ್ತದೆ, ರಿಸೀವರ್ ಮಲಗಿದ್ದರೆ ಉತ್ತರ ಬರುವುದಿಲ್ಲ, ಆಮೇಲೆ ಚಿತ್ರ ಬಂದರೂ ಧ್ವನಿ ಬರುವುದಿಲ್ಲ. ಅಂಥವರು ಟಿವಿ, ರಿಸೀವರ್ ಮೊದಲು ಹಾಕಿ ಕಂಪ್ಯೂಟರ್ ಆಮೇಲೆ ಹಾಕಲಿ. ಡಿಜಿಟಲ್ ಆದ್ದರಿಂದ ಗುದ್ದಿನ ಭಯ ಕಡಿಮೆ. ಟಿವಿಯ ರಿಮೋಟಿನಿಂದಲೇ ಎಲ್ಲವೂ ಆನ್ ಆಗಲಿ ಅನ್ನುವವರಿಗೆ ಸಿಇಸಿ ಅಂತ ಒಂದು ಏರ್ಪಾಡು ಇದೆ, ಆದರೆ ಮಾಮೂಲಿ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಹೆಚ್ಚಿನವು ಅದನ್ನು ಮಾತಾಡುವುದಿಲ್ಲ. ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಮಾತಾಡುತ್ತದೆ.

ಕರೆಂಟ್ ಉಳಿತಾಯದ ಮಾತಿಗೆ ಬಂದರೆ, ಇಲ್ಲಿ ಪತ್ರಿಕೆಗಳ ಸಲಹೆಗೆ ನನ್ನ ಪೂರ್ತಿ ಒಪ್ಪಿಗೆ. ಪ್ಲಗ್ ಮೀಟರ್ ಹಾಕಿ ನೋಡಿದೆ. ಹಾಡಿಲ್ಲ, ಪದವಿಲ್ಲ, ಸುಮ್ನೆ ಆನ್ ಆಗಿ ಕೂತ ನನ್ನ ಆಂಪ್ಲಿಫೈಯರ್ 38 ವ್ಯಾಟ್ ತಿನ್ನುತ್ತಿತ್ತು. ದಿನವಿಡೀ ಹಾಗೇ ಬಿಟ್ಟರೆ ತಿಂಗಳಿಗೆ 27 ಯೂನಿಟ್. ಗೃಹಜ್ಯೋತಿಯಲ್ಲಿ ನಮ್ಮ 2022-23ರ ಸರಾಸರಿ 90 ಯೂನಿಟ್, ಶೇ 10 ಸೇರಿಸಿ 99 ಯೂನಿಟ್ ತನಕ ಉಚಿತ. ಆ 27 ಇದ್ದಾಗ ಪ್ರತಿ ತಿಂಗಳೂ ಗಡಿ ದಾಟಿ ಬಿಲ್ ಬರುತ್ತಿತ್ತು. ನಾನು ಫ್ರಿಜ್ಜಿನ ಮೇಲೆ ಅನುಮಾನಪಡುತ್ತಿದ್ದೆ, ಪಾಪ.

ಇನ್ವರ್ಟರ್ ಇದ್ದವರಿಗೆ ಇನ್ನೊಂದು. ಅನೇಕ ಇನ್ವರ್ಟರ್‌ಗಳ ಹಿಂದೆ 'ಯುಪಿಎಸ್' ಮತ್ತು 'ನಾರ್ಮಲ್' ಅಂತ ಒಂದು ಪುಟ್ಟ ಸ್ವಿಚ್ ಇರುತ್ತದೆ. ನಾರ್ಮಲ್‌ನಲ್ಲಿದ್ದರೆ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಕಂಪ್ಯೂಟರ್ ಒಮ್ಮೆ ಸತ್ತು ಹುಟ್ಟುತ್ತದೆ. ಯುಪಿಎಸ್ ಕಡೆ ತಳ್ಳಿ. ಆದರೆ ವೋಲ್ಟೇಜ್ ತೀರಾ ಇಳಿಯುವ ಊರಲ್ಲಿ ಆಗ ಪದೇ ಪದೇ ಬ್ಯಾಟರಿಗೆ ಹೋಗುತ್ತಿರುತ್ತದೆ, ಅದನ್ನು ಸಹಿಸಿಕೊಳ್ಳಬೇಕು. ಸಿಡಿಲಿಗಂತೂ ಇದ್ಯಾವುದೂ ನಿಲ್ಲುವುದಿಲ್ಲ. ಮೋಡ ಕಟ್ಟಿದ ಕೂಡಲೇ, ಗುಡುಗು ಶುರುವಾಗುವ ಮುಂಚೆಯೇ ಪ್ಲಗ್ಗನ್ನೇ ಕೀಳುವುದು, ಡಿಶ್‌ನ ವೈರನ್ನೂ ಸೇರಿಸಿ.

ಇನ್ನು ಹೊಸ ಮನೆ ಕಟ್ಟುತ್ತಿರುವವರಿಗೆ ನನ್ನ ಕೋರಿಕೆ, ಟಿವಿ ಹಿಂದಿನ ಗೋಡೆಗೆ ಒಂದೇ ಸ್ವಿಚ್ಚಿನ ಕೆಳಗೆ ನಾಲ್ಕು ಪ್ಲಗ್ ಕೊಡಿಸಬೇಡಿ. ಆಂಪ್ಲಿಫೈಯರಿಗೆ, ಸಬ್‌ವೂಫರಿಗೆ ಪ್ರತ್ಯೇಕ ಸ್ವಿಚ್, ಕೈಗೆ ಎಟಕುವ ಜಾಗದಲ್ಲಿ. ನೂರಿನ್ನೂರು ರೂಪಾಯಿಯ ಕೆಲಸ, ಆಮೇಲೆ ಗೋಡೆ ಒಡೆಯಲು ಕೂತರೆ ಅದರ ಹತ್ತು ಪಟ್ಟು.

ನನ್ನದರಲ್ಲಿ ಒಂದು ಕಾಟ ಇನ್ನೂ ಉಳಿದಿದೆ. ಆನ್ ಆಗುವಾಗ ಟೈಮರ್ ಕಾಯುತ್ತದೆ, ಆದರೆ ಆಫ್ ಮಾಡುವಾಗ ಹಳದಿ ವೈರ್ ಸಾಯುವುದೂ ಕಂಪ್ಯೂಟರಿನ ಗುದ್ದು ಬರುವುದೂ ಒಂದೇ ಕ್ಷಣ, ಆಂಪ್ಲಿಫೈಯರಿನ ಕೆಪಾಸಿಟರಿನಲ್ಲಿ ಅಷ್ಟರಮಟ್ಟಿಗೆ ಕರೆಂಟ್ ಉಳಿದಿರುವುದರಿಂದ ಸಣ್ಣ 'ಪಟ್' ಕೇಳಿಯೇ ಕೇಳುತ್ತದೆ. ಈಗ ನಾನು ಮೊದಲು ವಾಲ್ಯೂಮ್ ಸೊನ್ನೆಗೆ ತಿರುಗಿಸಿ ಆಮೇಲೆ ಶಟ್‌ಡೌನ್ ಒತ್ತುತ್ತೇನೆ. ಮರೆತ ದಿನ ಪಟ್. ಯುಎಸ್‌ಬಿ ರಿಲೇ ಬೋರ್ಡ್ ಒಂದನ್ನು ತಂದು, ಶಟ್‌ಡೌನ್ ಒತ್ತಿದಾಗ ಮೊದಲು ಆಂಪ್ಲಿಫೈಯರ್ ಆರಿಸಿ ಆಮೇಲೆ ಕಂಪ್ಯೂಟರ್ ಮಲಗುವ ಹಾಗೆ ನಾಲ್ಕು ಸಾಲು ಪ್ರೋಗ್ರಾಂ ಬರೆದುಕೊಡುತ್ತೇನೆ ಅಂತ ಅಣ್ಣನ ಮಗ ಹೇಳಿದ್ದಾನೆ, ಚೌತಿಗೆ ಬಂದಾಗ. ಇದಕ್ಕಿಂತ ಸುಲಭದ ದಾರಿ ನಿಮ್ಮ ಓದುಗರಲ್ಲಿ ಯಾರಿಗಾದರೂ ಗೊತ್ತಿದ್ದರೆ ಇದೇ ಅಂಕಣದಲ್ಲಿ ಬರೆಯಲಿ. ಚೌತಿ ತನಕ ಪುರುಸೊತ್ತಿದೆ.

ಇಂತಿ,
ನಿಮ್ಮ ಒಬ್ಬ ಓದುಗ, ಶಿರಸಿ ತಾಲ್ಲೂಕು