ಎಳೆ ಜೋಳದ ನಂಜು: ಬೀಜದ ಚೀಲದ ಮೇಲೆ ಎಚ್ಚರಿಕೆ ಬೇಕು

ಮಾನ್ಯ ಸಂಪಾದಕರೇ,

ಕಳೆದ ಬೇಸಿಗೆಯಲ್ಲಿ ಅಡ್ಡಮಳೆ ಬಿದ್ದ ಕೆಲವೇ ದಿನಗಳಲ್ಲಿ, ಪಕ್ಕದ ಹೊಲದವರ ಆಕಳೊಂದು ಹಿಂಗಾರಿ ಜೋಳ ಕೊಯ್ದ ಬುಡಗಳಲ್ಲಿ ಚಿಗುರಿದ್ದ ಕೂಳೆಯನ್ನು ಮೇಯ್ದು, ಅರ್ಧ ಗಂಟೆಯೊಳಗೆ ನಡುಗುತ್ತಾ ನೆಲಕ್ಕುರುಳಿತು. ಪಶುವೈದ್ಯರು ಬರುವಷ್ಟರಲ್ಲಿ ಅದರ ಉಸಿರು ನಿಂತಿತ್ತು. ಹಾವು ಕಚ್ಚಿರಬೇಕೆಂದು ಸುತ್ತ ನಿಂತವರು ಕಾಲು, ಕೆಚ್ಚಲುಗಳನ್ನು ತಡವಿ ಗಾಯ ಹುಡುಕುತ್ತಿದ್ದರು. ನಂಜು ಇದ್ದದ್ದು ಅದರ ಬಾಯಲ್ಲಿ ಇನ್ನೂ ಉಳಿದಿದ್ದ ಹಸಿರು ಗರಿಯಲ್ಲಿ.

ಎಳೆಯ ಜೋಳದ ಗರಿಯಲ್ಲಿ ಧುರಿನ್ ಎಂಬ ವಸ್ತುವಿರುತ್ತದೆ. ಗರಿ ಇಡಿಯಾಗಿರುವವರೆಗೆ ಅದೊಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಹುಳುವೋ ದನವೋ ಜಗಿದಾಗ ಎರಡೂ ಕೂಡಿ ಹೈಡ್ರೋಸಯನಿಕ್ ಆಮ್ಲವೆಂಬ ಕಡು ವಿಷ ಹೊರಬರುತ್ತದೆ. ಬೆಳೆ ಬಲಿತಂತೆ ಈ ನಂಜು ಇಳಿಯುತ್ತದೆ. ಮಳೆ ಕೈಕೊಟ್ಟು ಬಾಡಿದಾಗ, ಯೂರಿಯಾ ಅತಿಯಾದಾಗ, ಕೂಳೆ ಚಿಗುರಿದಾಗ ಏರುತ್ತದೆ. ಬಲಿತು ಒಣಗಿದ ಕಣಿಕೆಯನ್ನು ನಾವು ನಿಶ್ಚಿಂತೆಯಿಂದ ದನಕ್ಕೆ ಹಾಕುವುದು ಈ ಕಾರಣಕ್ಕೇ.

ಹಾಗೆಂದು ಜೋಳವನ್ನು ದೂರುವುದು ನನ್ನ ಉದ್ದೇಶವಲ್ಲ. ನಿಂತಲ್ಲಿಂದ ಕದಲಲಾಗದ ಗಿಡಕ್ಕೆ ಇಂಥ ರಸಗಳೇ ಆಯುಧ. ಜೋಳದ ಬೇರಿನ ಎಳೆ ರೋಮಗಳಿಂದ ಹಳದಿ ಬಣ್ಣದ, ಎಣ್ಣೆಯಂಥ ಹನಿಗಳು ಸ್ರವಿಸುತ್ತವೆ. ವಿಜ್ಞಾನಿಗಳು 1986ರಲ್ಲಿ ಬೇರ್ಪಡಿಸಿ ಸಾರ್ಗೋಲಿಯೋನ್ ಎಂದು ಹೆಸರಿಟ್ಟ ಈ ವಸ್ತು, ಅಂಗಡಿಯಿಂದ ತಂದು ಸಿಂಪಡಿಸುವ ಅಟ್ರಜಿನ್ ಕಳೆನಾಶಕ ಎಲ್ಲಿ ಕೆಲಸ ಮಾಡುತ್ತದೆಯೋ ಅಲ್ಲೇ ಎಳೆ ಕಳೆಗಳ ದ್ಯುತಿಸಂಶ್ಲೇಷಣೆಯನ್ನು ತಡೆಯುತ್ತದೆ. ಇನ್ನು ಗರಿಗೆ ಚುಕ್ಕೆ ರೋಗದ ಶಿಲೀಂಧ್ರ ತಗುಲಿದಾಗ ಅಲ್ಲಿ ಮೂಡುವ ಕೆಂಪನ್ನು ಬರಿಯ ರೋಗದ ಗುರುತೆಂದು ನೋಡುತ್ತೇವೆ. ಶಿಲೀಂಧ್ರ ಹೊಕ್ಕ ಜಾಗದ ಜೀವಕೋಶಗಳು ಕೆಂಬಣ್ಣದ ವಿಷವನ್ನು ಸಣ್ಣ ಗುಳಿಗೆಗಳಂತೆ ಕೂಡಿಸಿಕೊಂಡು, ಒಡೆದು, ತಾವೂ ಸತ್ತು ಶಿಲೀಂಧ್ರವನ್ನೂ ಕೊಲ್ಲುತ್ತವೆ. ಆ ಕೆಂಪಿನಲ್ಲಿ ಗಿಡದ ಹೋರಾಟವೂ ಇದೆ ಎಂದು ತಿಳಿದ ಮೇಲೆ ನಾನು ಜೋಳದ ಗರಿಯನ್ನು ನೋಡುವ ರೀತಿಯೇ ಬದಲಾಗಿದೆ.

ಆದ್ದರಿಂದ ನಂಜಿಲ್ಲದ ಜೋಳ ಬೇಕೆಂದು ನಾನು ಕೇಳುತ್ತಿಲ್ಲ, ನಂಜಿನ ತಿಳಿವಳಿಕೆ ಬೇಕೆಂದು ಕೇಳುತ್ತಿದ್ದೇನೆ. ಕೂಳೆ ಮೇಯಿಸಬಾರದೆಂಬುದು ಹಿರಿಯರಿಗೆ ಗೊತ್ತಿದ್ದ ಮಾತು. ಹೊಸದಾಗಿ ಹಸು ಕಟ್ಟಿ, ಹಸಿಮೇವಿಗೆಂದೇ ಜೋಳ ಬಿತ್ತುವ ಯುವಕರಿಗೆ ಅದನ್ನು ಹೇಳುವವರಿಲ್ಲ. ನಾನು ಈ ವರ್ಷ ಕೊಂಡ ಮೇವಿನ ಜೋಳದ ಬೀಜದ ಚೀಲವನ್ನು ಎರಡೂ ಬದಿ ಓದಿದೆ: ಇಳುವರಿಯ ಹೊಗಳಿಕೆ ಧಾರಾಳವಾಗಿತ್ತು, ಎಷ್ಟು ದಿನದ ಮೇಲೆ ಕೊಯ್ಯಬೇಕು, ಬಾಡಿದ ಬೆಳೆಯನ್ನು ಏನು ಮಾಡಬೇಕು ಎಂಬ ಒಂದು ಸಾಲೂ ಇರಲಿಲ್ಲ. ಆ ಸಾಲನ್ನು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಅಚ್ಚು ಹಾಕುವುದನ್ನು ಕೃಷಿ ಇಲಾಖೆ ಕಡ್ಡಾಯಗೊಳಿಸಲಿ. ಬೇಗ ಕೊಟ್ಟರೆ ಜೀವ ಉಳಿಸಬಲ್ಲ ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಬೇಸಿಗೆಯ ಮೊದಲ ಮಳೆಗೆ ಮುಂಚೆಯೇ ಪ್ರತಿ ಪಶು ಆಸ್ಪತ್ರೆಯಲ್ಲಿರಲಿ. ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಮಾಲದಂಡಿಯಂಥ ನಾಟಿ ಜೋಳಗಳಲ್ಲಿ ಯಾವುದರ ಬೇರು ಕಳೆಯನ್ನು ಹೆಚ್ಚು ಹತ್ತಿಕ್ಕುತ್ತದೆ, ಯಾವುದರ ಗರಿಯಲ್ಲಿ ಧುರಿನ್ ಎಷ್ಟಿದೆ ಎಂಬುದನ್ನು ಅಳೆದು, ರೈತರಿಗೆ ಅರ್ಥವಾಗುವ ಪಟ್ಟಿಯೊಂದನ್ನು ಹಿಂಗಾರಿ ಬಿತ್ತನೆಗೆ ಮೊದಲು ಹೊರತರಲಿ.

ಇಂತಿ,
ಒಬ್ಬ ಜೋಳದ ಬೆಳೆಗಾರ, ವಿಜಯಪುರ ಜಿಲ್ಲೆ