ನಾಯಿಗೆ ಜಾಗ ಐತಿ ಅಂತ ರೊಕ್ಕ ತಗೊಂಡು ಬಾಗಿಲಾಗ ನಿಲ್ಲಿಸಿದ್ದಕ್ಕ ದೂರು

ಬುಕಿಂಗ್ ಆ್ಯಪ್‌ನ ಕಸ್ಟಮರ್ ಕೇರ್‌ನವ್ರಿಗೆ,

ನಮಸ್ಕಾರ. ನಾವು ಕಂಪ್ಲಿ ಕೋಟೆಯವ್ರು. ತುಂಗಭದ್ರಾ ಡ್ಯಾಂನಿಂದ ಲಕ್ಷದ ಮ್ಯಾಲೆ ಕ್ಯೂಸೆಕ್ ಬಿಟ್ರಂದ್ರ ಗಂಗಾವತಿ ಕಡೆ ಹೋಗೋ ಸೇತುವೆಗೆ ನೀರು ಬರತೈತಿ, ಇದೇನ್ ನಮಗ ಹೊಸದಲ್ಲ. ಆದ್ರ 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಕೊಂಡು ಹೋತಲ್ಲ, ಅವಾಗಿಂದ ಮೈಕ್‌ನಾಗ ಮನಿ ಖಾಲಿ ಮಾಡ್ರಿ ಅಂತ ಕೂಗಿದ್ರ ನಾಳೆ ನೋಡೋಣ ಅನ್ನೋರು ಯಾರೂ ಇಲ್ಲ. ಈ ಸಲಾನೂ ಕೂಗಿದ್ರು.

ನೆರಿ ಬಂದಾಗ ಮಂದಿನ್ನ ಇಡೋ ಕಾಳಜಿ ಕೇಂದ್ರದಾಗ ಸಣ್ಣ ಮಕ್ಳು, ಬಾಣಂತ್ಯಾರು ಎಲ್ಲಾ ಒಂದ ಹಾಲ್‌ನಾಗ, ಅಲ್ಲಿ ನಾಯಿ ಕಟ್ಟೂದು ಸರಿ ಅಲ್ಲ ಅಂತ ನಮಗೂ ಅನಿಸ್ತು. ಅದಕ್ಕ ನಿಮ್ಮ ಆ್ಯಪ್‌ನಾಗ ಬಳ್ಳಾರಿ ಅಂತ ಹುಡುಕಿ, ಪೆಟ್ಸ್ ಅಲೋಡ್ ಅನ್ನೋದನ್ನ ಒತ್ತಿ, ನಾಯಿಗೆ ಜಾಗ ಐತಿ ಅಂತ ತೋರ್ಸೋ ಪಾದದ ಗುರುತು ಇದ್ದ ಲಾಡ್ಜನ್ನ ಆರಿಸಿ, ಪೂರ್ತಿ ರೊಕ್ಕ ಮುಂಚೇನ ಕಟ್ಟಿ, ಜತಿಗೆ ಒಂದು ನಾಯಿ ಇರತೈತಿ ಅಂತ ಬರದೂ ಹಾಕಿದ್ವಿ, ಕನ್ಫರ್ಮ್ ಅಂತ ಮೆಸೇಜೂ ಬಂತು.

ಲಾಡ್ಜಿಗೆ ಹೋದ್ರ ರಿಸೆಪ್ಶನ್ ಹುಡುಗ ಗಾಜಿನ ಬಾಗಿಲು ಅರ್ಧ ತಗದು ಅಲ್ಲೇ ಕೈ ಅಡ್ಡ ಇಟ್ಟ. ನಾಯಿ ಬಿಡಂಗಿಲ್ಲ, ಅದು ಆ್ಯಪ್‌ನವ್ರು ಹಾಕ್ಕೊಂಡಿದ್ದು ಸರ್, ನಮಗ ಯಾರೂ ಕೇಳೇ ಇಲ್ಲ ಅಂದ. ನಮ್ಮ ನಾಯಿ ಕರಿಯ ತೊಯ್ದು ತಪ್ಪಡಿ ಆಗಿ ಕಾಲೊರೆಸೋ ಮ್ಯಾಟಿನ ಮ್ಯಾಲೆ ನಿಂತಿತ್ತು, ಬೊಗಳಿಲ್ಲ ಏನಿಲ್ಲ. ರೇಬೀಸ್ ಇಂಜೆಕ್ಷನ್ ಹಾಕ್ಸಿದ ಪುಸ್ತಕ ಚಾಚಿದ್ರ ತಗದೂ ನೋಡ್ಲಿಲ್ಲ. ಬೇಕಿದ್ರ ಕೆಳಗ ಜನರೇಟರ್ ಬಾಜೂ ಕಟ್ರಿ ಅಂದ. ರಾತ್ರಿಯೆಲ್ಲಾ ಆ ಸದ್ದಿನಾಗ ಯಾವ ಪ್ರಾಣಿ ಇರತೈತ್ರಿ? ಅಲ್ಲಿಂದನ ನಿಮಗ ಫೋನ್ ಹಚ್ಚಿದ್ವಿ, ಪ್ರಾಪರ್ಟಿಯವ್ರ ಜೊತಿ ಮಾತಾಡ್ತೀವಿ ಅಂದೋರು ತಿರುಗಿ ಫೋನೇ ಮಾಡ್ಲಿಲ್ಲ.

ಕುರುಗೋಡಿನ್ಯಾಗ ನಮ್ಮ ಸೋದರಮಾವನ ಮನಿ ಐತಿ. ಕಂಪ್ಲಿಯಿಂದ ಬರೋವಾಗ ಅದೇ ಊರು ದಾಟೇ ಬಳ್ಳಾರಿಗೆ ಬಂದಿದ್ದು. ನಿಮ್ಮ ಆ್ಯಪ್‌ನಾಗ ನಾಯಿಗೆ ಜಾಗ ಇಲ್ಲ ಅಂತ ಇದ್ದಿದ್ರ ಅಲ್ಲೇ ಇಳೀತಿದ್ವಿ. ಆಮ್ಯಾಲೆ ಮಳ್ಯಾಗ ಅವ್ವನ್ನ ಕರ್ಕೊಂಡು ಗಾಡಿಯವ್ನಿಗೆ ಮತ್ತ ಬಾಡಿಗಿ ಕೊಟ್ಟು ಅಲ್ಲಿಗೇ ಹೋದ್ವಿ. ಇಷ್ಟಾದ್ರೂ ರೀಫಂಡ್ ಕೇಳಿದ್ರ ನೋ ಶೋ ಅಂತೀರಿ, ಅಂದ್ರ ನಾವು ಬಂದೇ ಇಲ್ಲಂತ! ಬಾಗಿಲಾಗ ನಿಂತು ನಿಮಗ ಮಾಡಿದ ಕಾಲ್ ನಿಮ್ಮ ಕಡೇನ ರೆಕಾರ್ಡ್ ಇರಬೇಕಲ್ಲ, ತಗದು ಕೇಳ್ರಿ.

ಟೂರಿಗೆ ಬಂದೋರಿಗೆ ಆ ಪಾದದ ಗುರುತು ಒಂದು ಸೌಕರ್ಯ ಅಷ್ಟೆ, ಆದ್ರ ಹೊಳಿ ಏರಿದಾಗ ನಮ್ಮಂಥೋರು ಮನಿ ಬಿಡೋದೋ ಬ್ಯಾಡೋ ಅಂತ ಅದನ್ನ ನೋಡೇ ತೀರ್ಮಾನ ಮಾಡ್ತಾರ. ಅಮೆರಿಕದಾಗ 2005ರ ಕತ್ರಿನಾ ಚಂಡಮಾರುತದಾಗ ನಾಯಿ ಬೆಕ್ಕು ಬಿಟ್ಟು ಬರಂಗಿಲ್ಲ ಅಂತ ಎಷ್ಟೋ ಮಂದಿ ಮನ್ಯಾಗ ಉಳಕೊಂಡ್ರು, ಅದಕ್ಕ 2006ರಾಗ ಸಾಕುಪ್ರಾಣಿನೂ ಲೆಕ್ಕಕ್ಕ ತಗೊಂಡು ಪ್ಲಾನ್ ಮಾಡ್ಬೇಕು ಅಂತ ಕಾನೂನೇ ತಂದ್ರು. ನಿಮ್ಮಿಂದ ಅಷ್ಟೆಲ್ಲಾ ಕೇಳ್ತಿಲ್ಲ, ಲಾಡ್ಜಿನವ್ರನ್ನ ಒಂದು ಮಾತು ಕೇಳಿ ಗುರುತು ಹಾಕ್ರಿ ಅಂತೀವಿ.

ರೂಮಿನ ಪೂರ್ತಿ ರೊಕ್ಕ, ಎರಡನೇ ಗಾಡಿ ಬಾಡಿಗಿ ವಾಪಸ್ ಬೇಕು, ಬಿಲ್ ಜೊತಿಗೆ ಇಟ್ಟೀನಿ. ಆ ಲಾಡ್ಜಿನ ಮುಂದಿನ ಗುರುತು ಇವತ್ತೇ ತಗೀರಿ. 15 ದಿನದಾಗ ಉತ್ತರ ಬರ್ಲಿಲ್ಲಂದ್ರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಹಚ್ತೀನಿ, ಅದಕ್ಕೂ ಆಗ್ಲಿಲ್ಲಂದ್ರ ಬಳ್ಳಾರಿ ಜಿಲ್ಲಾ ಗ್ರಾಹಕರ ಆಯೋಗ ಐತಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರೋ ಜಿಲ್ಲ್ಯಾಗ ಕೇಸ್ ಹಾಕಬಹುದು, ನಿಮ್ಮ ಹೆಡ್ ಆಫೀಸ್ ಎಲ್ಲೇ ಇರ್ಲಿ.

ಇತಿ,
ಕಂಪ್ಲಿ ಕೋಟೆಯ ಗ್ರಾಹಕ