ನಿರಾಕರಿಸಲಿಲ್ಲ, ಜಾರಿಕೊಂಡರು

ಮಾನ್ಯ ಸಂಪಾದಕರೇ,

ನಮ್ಮ ವಾರ್ಡಿನ ನೀರಿನ ಸಭೆಯ ಬಗ್ಗೆ ನಿನ್ನೆ ಬಂದ ವರದಿಯಲ್ಲಿ ‘ಅಧಿಕಾರಿ ಉತ್ತರಿಸಲು ನಿರಾಕರಿಸಿದರು’ ಎಂದು ಅಚ್ಚಾಗಿದೆ. ನಿರಾಕರಿಸಿದ್ದರೆ ಎಷ್ಟೋ ಒಳ್ಳೆಯದಿತ್ತು! ‘ಹೇಳುವುದಿಲ್ಲ’ ಅಂದವರನ್ನು ಯಾವ ನಿಯಮದಡಿ ಎಂದು ಕೇಳಬಹುದು, ನಡಾವಳಿಯಲ್ಲಿ ಬರೆಸಬಹುದು, ಮೇಲಿನವರಿಗೆ ದೂರು ಕೊಡಬಹುದು. ಆ ಅಧಿಕಾರಿ ಮಾಡಿದ್ದು ಜಾರಿಕೊಳ್ಳುವ ಕೆಲಸ. ಅದಕ್ಕೆ ದಾಖಲೆಯೇ ಉಳಿಯುವುದಿಲ್ಲ.

ಕೇಳಿದ್ದು ‘ನಳಕ್ಕ ನೀರು ಇನ್ನ ಯಾವತ್ತ ಬಿಡ್ತೀರಿ?’ ಎಂದು. ಬಂದದ್ದು ಮಲಪ್ರಭಾ ಪೈಪ್‌ಲೈನಿನ ಉದ್ದ, ಯೋಜನೆಯ ಅನುದಾನ. ದಿನ ಕೇಳಿದರೆ ದುಡ್ಡಿನ ಲೆಕ್ಕ. ಆಮೇಲೆ ‘ಕ್ರಮ ಜರುಗಿಸಲಾಗುವುದು’. ಯಾರು, ಯಾವಾಗ ಎಂಬುದೇ ಇಲ್ಲದ ಮಾತು ಬಂದರೆ ಜಾರಿದರೆಂದೇ ತಿಳಿಯಬೇಕು. ‘ಈಗ ಗೊತ್ತಿಲ್ಲ, ಸೋಮವಾರ ಹೇಳುತ್ತೇನೆ’ ಎನ್ನುವವರು ಬೇರೆ. ಅವರ ಹೆಸರು, ದಿನಾಂಕ ಬರೆದುಕೊಂಡು ಸೋಮವಾರ ಹೋಗಿ ಕೇಳಬೇಕು.

ಜನರೂ ಒಂದೇ ಉಸಿರಿಗೆ ನೀರು, ಗಟಾರ, ಬೀದಿದೀಪ ಎಲ್ಲ ಕೇಳಬಾರದು. ಸುಲಭದ್ದಕ್ಕೆ ಉತ್ತರಿಸಿ ಕುಳಿತುಬಿಡುತ್ತಾರೆ. ಒಂದೇ ಪ್ರಶ್ನೆ, ದಿನಾಂಕ ಇಲ್ಲವೇ ಹೌದು-ಅಲ್ಲ ಎಂಬ ಉತ್ತರ ಬೇಡುವಂಥದ್ದು ಇರಬೇಕು. ಉತ್ತರ ಬಾರದಿದ್ದರೆ ಅದೇ ಮಾತಿನಲ್ಲಿ ಮತ್ತೆ ಕೇಳಬೇಕು. ಎಲ್ಲರೂ ಕೂಡಿ ಕೂಗಿದರೆ ‘ಗದ್ದಲದಾಗ ಏನ್ ಹೇಳ್ಲಿ’ ಎಂದು ಎದ್ದು ಹೋಗುತ್ತಾರೆ. ಮೊನ್ನೆ ಆದದ್ದೂ ಅದೇ.

ಕಾಗದದಲ್ಲೂ ಇದೇ ಚಾಳಿ. 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ಅರ್ಜಿ ತಿರಸ್ಕರಿಸಿದರೆ ಕಾರಣ, ಮೇಲ್ಮನವಿಯ ಅವಧಿ, ಯಾರಿಗೆ ಸಲ್ಲಿಸಬೇಕು ಎಂಬ ಮೂರನ್ನೂ ತಿಳಿಸಬೇಕು. 30 ದಿನ ಸುಮ್ಮನಿದ್ದರೂ ಅದು ತಿರಸ್ಕಾರವೇ. ಅಲ್ಲಿಂದ ಮೊದಲ ಮೇಲ್ಮನವಿಗೆ ಮತ್ತೆ 30 ದಿನ. ‘ಕಡತ ಹುಡುಕಲಾಗುತ್ತಿದೆ’ ಎಂಬ ಒಂದು ಸಾಲು ನಂಬಿ ಕಾಯುತ್ತ ಕುಳಿತವರ ಅವಧಿ ಅಷ್ಟರಲ್ಲಿ ಮುಗಿದಿರುತ್ತದೆ.

ನಡುರಾತ್ರಿ ನೀರು ಬಂದೀತೆಂದು ಹೆಣ್ಣುಮಕ್ಕಳು ನಿದ್ದೆಗೆಟ್ಟು ಕೂಡುತ್ತಾರೆ. ಬ್ಯಾರಲ್ ತುಂಬಿಸಲು ಟ್ಯಾಂಕರಿಗೆ ದುಡ್ಡು ಸುರಿಯಬೇಕು. ಪೈಪಿಗೆಂದು ಅಗೆದ ರಸ್ತೆ ಮುಚ್ಚಿಲ್ಲ, ಮಳೆಯಾದರೆ ಕೆಸರು, ಬಿಸಿಲಿಗೆ ಧೂಳು. ಹಿಂದಿನ ಅಧಿಕಾರಿಯೂ ‘ಮಾಡ್ತೀವ್ರಿ’ ಎಂದೇ ವರ್ಗವಾಗಿ ಹೋದರು.

ದಿನಾಂಕ ಹೇಳಲಿ, ಇಲ್ಲವೇ ಹೇಳುವುದಿಲ್ಲವೆಂದು ಸಹಿ ಮಾಡಿ ಕೊಡಲಿ. ನೀರನ್ನೂ ಬಿಡಲಿ. ಜನರ ದುಡ್ಡಿನಲ್ಲಿ ಸಂಬಳ ಎಣಿಸುವವರಿಗೆ ಇಷ್ಟೂ ಆಗದಿದ್ದರೆ ಸಭೆಯನ್ನಾದರೂ ಯಾಕೆ ಕರೆಯುತ್ತಾರೆ?

– ನೊಂದ ನಿವಾಸಿ, ಹುಬ್ಬಳ್ಳಿ